ಹಿಮಾಲಯ ದಾಟಿ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳು



ಹಿಂಗಾರಿ ಕಡಲೆ ಚಿಗುರಿ ಗೇಣುದ್ದ ಆಗುವ ಹೊತ್ತಿಗೆ, ಅಂದರೆ ನವೆಂಬರ್ ತಿಂಗಳ ಸುಮಾರಿಗೆ, ಗದಗ ಮತ್ತು ಲಕ್ಷ್ಮೇಶ್ವರದ ನಡುವೆ ಇರುವ ಮಾಗಡಿ ಕೆರೆಗೆ ದೊಡ್ಡ ಹಕ್ಕಿಗಳ ದಂಡು ಬಂದಿಳಿಯುತ್ತದೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಗೀರು. ಆ ಗೀರಿನಿಂದಲೇ ಇದಕ್ಕೆ ಪಟ್ಟೆತಲೆ ಹೆಬ್ಬಾತು ಎಂದು ಹೆಸರು. ಎರಡರಿಂದ ಮೂರು ಕಿಲೋ ತೂಕ. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್ ಅಗಲ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಇವನ್ನು ಕಂಡು "ಯಾರೋ ಬಾತುಕೋಳಿ ಸಾಕ್ಯಾರ" ಎಂದುಕೊಂಡು ಮುಂದೆ ಹೋದವರು ನಮ್ಮಲ್ಲಿ ಬಹಳ ಮಂದಿ. ಆದರೆ ಇವು ಸಾಕಿದ ಹಕ್ಕಿಗಳಲ್ಲ. ಮಂಗೋಲಿಯಾ, ಟಿಬೆಟ್, ನಮ್ಮ ಲಡಾಖ್ ಕಡೆಯ ಸರೋವರಗಳ ದಂಡೆಯಲ್ಲಿ ಮೊಟ್ಟೆ ಇಟ್ಟು ಮರಿ ಮಾಡುವ ಹಕ್ಕಿಗಳು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಅಲ್ಲಿಂದ ಇಲ್ಲಿಗೆ 4000 ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಹಿಮಾಲಯ.

ಮಾಗಡಿ ಕೆರೆ ದೊಡ್ಡದೇನಲ್ಲ. ಮಳೆನೀರು ಹಿಡಿದು ಹೊಲಗಳಿಗೆ ಉಣಿಸಲು ಜನರು ಕಟ್ಟಿದ ಕೆರೆ, ಸುಮಾರು 134 ಎಕರೆ. ಆದರೂ ದಕ್ಷಿಣ ಭಾರತದಲ್ಲಿ ಈ ಹೆಬ್ಬಾತುಗಳು ಚಳಿಗಾಲ ಕಳೆಯುವ ಅತಿ ದೊಡ್ಡ ತಾಣಗಳಲ್ಲಿ ಇದೂ ಒಂದು. 2024ರ ಜನವರಿ ಕೊನೆಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿಯ ಜೊತೆಗೆ ಇದನ್ನೂ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ತಾಣಗಳ ಪಟ್ಟಿಗೆ ಸೇರಿಸಲಾಯಿತು. ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿಯ ಕೆರೆಗೆ ಇಂಥ ಹೆಸರು ಬಂದದ್ದು ಮುಖ್ಯವಾಗಿ ಈ ಹಕ್ಕಿಗಳಿಂದ. ಇವುಗಳ ಮೈಯೊಳಗೆ ಏನಿದೆ, ಅದು ಹೇಗೆ ಬಂತು ಎಂಬುದನ್ನು ಈ ತಿಂಗಳು ಸ್ವಲ್ಪ ವಿವರವಾಗಿ ನೋಡೋಣ. ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿರಿ.

ಮೊದಲು ಎತ್ತರದ ಮಾತು. ಸಮುದ್ರ ಮಟ್ಟದಿಂದ 5500 ಮೀಟರ್ ಮೇಲೆ ಹೋದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕೆಳಗಿನ ಅರ್ಧದಷ್ಟು ಮಾತ್ರ. ಲೇಹ್ ಊರು 3500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಇಳಿದ ಪ್ರವಾಸಿಗರಿಗೆ ಅಲ್ಲೇ ತಲೆನೋವು, ವಾಕರಿಕೆ ಶುರುವಾಗುತ್ತದೆ, ಒಂದೆರಡು ದಿನ ಮಲಗಿರಿ ಎಂದು ಹೇಳುತ್ತಾರೆ. ಸಿಯಾಚಿನ್ ಎಂದರೆ ನಮ್ಮ ಭಾಗದವರಿಗೆ ನೆನಪಾಗುವುದು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿಯಲ್ಲಿ ಹಿಮದಡಿ ಆರು ದಿನ ಹುದುಗಿದ್ದು ಜೀವಂತ ಸಿಕ್ಕು, ಮೂರು ದಿನದ ಬಳಿಕ ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಆ ಯೋಧನ ಠಾಣೆ ಇದ್ದದ್ದು 19,600 ಅಡಿ, ಅಂದರೆ ಸುಮಾರು 6000 ಮೀಟರ್ ಎತ್ತರದಲ್ಲಿ. ಅಂಥ ಕಡೆ ಸೈನಿಕರು ಹಂತ ಹಂತವಾಗಿ, ದಿನಗಟ್ಟಲೆ ಮೈ ಒಗ್ಗಿಸಿಕೊಂಡು ಏರಬೇಕು. ಏರಿದ ಮೇಲೂ ನಾಲ್ಕು ಹೆಜ್ಜೆ ಬೇಗ ನಡೆದರೆ ಏದುಸಿರು.

ಹೆಬ್ಬಾತು ಅದೇ ಎತ್ತರವನ್ನು ನಡೆದು ದಾಟುವುದಿಲ್ಲ, ರೆಕ್ಕೆ ಬಡಿಯುತ್ತ ದಾಟುತ್ತದೆ. ಹದ್ದಿನಂತೆ ಗಾಳಿಯ ಮೇಲೆ ತೇಲುವ ಅಭ್ಯಾಸ ಇದಕ್ಕಿಲ್ಲ. ಹಾರುವಷ್ಟು ಹೊತ್ತೂ ಬಡಿಯಲೇಬೇಕು. ಹಕ್ಕಿಗಳು ಮಾಡುವ ಕೆಲಸಗಳಲ್ಲೇ ಬಹಳ ಶ್ರಮದ್ದು ಇದು. ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಬಿಟ್ಟ ಹೆಬ್ಬಾತುಗಳನ್ನು ಹಿಂಬಾಲಿಸಿದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಭಾರತದ ಬಯಲಿನಿಂದ ಹೊರಟ ಹಕ್ಕಿಗಳು ಏಳೆಂಟು ಗಂಟೆಯಲ್ಲಿ ಹಿಮಾಲಯವನ್ನು ಏರಿಬಿಟ್ಟವು. ಹಿಂದಿನಿಂದ ತಳ್ಳುವ ಗಾಳಿಯ ಸಹಾಯವನ್ನೂ ಅವು ಕಾಯಲಿಲ್ಲ. ಹಗಲಿನ ಬಿರುಗಾಳಿ ನಿಂತ ಮೇಲೆ, ರಾತ್ರಿ ಮತ್ತು ನಸುಕಿನಲ್ಲಿ ಹಾರಿದವು. ತಂಪು ಗಾಳಿ ತುಸು ದಟ್ಟ. ರೆಕ್ಕೆಗೆ ಹಿಡಿತ ಸಿಗುತ್ತದೆ, ಉಸಿರಿಗೂ ಅನುಕೂಲ.

ಇಲ್ಲಿ ಒಂದು ಮಾತು. ಈ ಹಕ್ಕಿ ಎವರೆಸ್ಟ್ ಶಿಖರದ ಮೇಲೆ ಹಾರುತ್ತದೆ ಎಂದು ಪತ್ರಿಕೆಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಆಗಾಗ ಬರುತ್ತದೆ. ಯಂತ್ರ ಕಟ್ಟಿ ಅಳೆದಾಗ ಕಂಡ ಅತಿ ಹೆಚ್ಚಿನ ಎತ್ತರ 7290 ಮೀಟರ್. ಎವರೆಸ್ಟ್ 8848 ಮೀಟರಿಗೂ ಹೆಚ್ಚು. ಅಳೆದ ಪಯಣಗಳಲ್ಲಿ ಬಹುಪಾಲು 5500 ಮೀಟರಿನ ಒಳಗೇ ಇದ್ದವು. ಹೊಗಳುವ ಭರದಲ್ಲಿ ಇಲ್ಲದ್ದನ್ನು ಸೇರಿಸುವ ಅಗತ್ಯ ನಮಗೆ ಕಾಣುವುದಿಲ್ಲ, ಇರುವುದೇ ಸಾಕಷ್ಟು ಬೆರಗಿನದು. 2015ರ ಇನ್ನೊಂದು ಅಧ್ಯಯನ ತೋರಿಸಿದ ವಿಷಯ ಇದಕ್ಕಿಂತ ಸ್ವಾರಸ್ಯ: ಈ ಹಕ್ಕಿಗಳು ಒಮ್ಮೆ ಮೇಲೇರಿ ಅಲ್ಲೇ ನೇರವಾಗಿ ಸಾಗುವುದಿಲ್ಲ. ಬೆಟ್ಟ ಬಂದರೆ ಏರುತ್ತವೆ, ಕಣಿವೆ ಬಂದರೆ ಮತ್ತೆ ಇಳಿಯುತ್ತವೆ. ಕಷ್ಟಪಟ್ಟು ಏರಿದ ಎತ್ತರವನ್ನು ಬಿಟ್ಟುಕೊಡುವುದು ನಮಗೆ ನಷ್ಟದ ವ್ಯವಹಾರದಂತೆ ಕಂಡೀತು. ಆದರೆ ತೆಳು ಗಾಳಿಯಲ್ಲಿ ಉಳಿಯಲು ಬೇಕಾದ ಶ್ರಮಕ್ಕಿಂತ ಇಳಿದು ಹತ್ತುವ ಶ್ರಮವೇ ಕಡಿಮೆ ಎಂದು ಹೃದಯ ಬಡಿತದ ಲೆಕ್ಕ ಹೇಳಿತು.

ಈಗ ಮೈಯೊಳಗಿನ ಏರ್ಪಾಡು. ಮನೆಯಲ್ಲಿ ಕೋಳಿ ಹಸನು ಮಾಡುವ ತಾಯಂದಿರು ಗಮನಿಸಿರಬಹುದು. ಕುರಿಯ ಶ್ವಾಸಕೋಶ ಎದೆಗೂಡಿನಿಂದ ಸಡಿಲವಾಗಿ ಹೊರಬರುತ್ತದೆ, ಊದಿದರೆ ಉಬ್ಬುತ್ತದೆ. ಕೋಳಿಯದು ಚಿಕ್ಕದು, ಗುಲಾಬಿ ಬಣ್ಣದ್ದು, ಪಕ್ಕೆಲುಬುಗಳ ಸಂದಿಗೆ ಕಚ್ಚಿಕೊಂಡಿರುತ್ತದೆ. ಬೆರಳಿನಿಂದ ಕೆರೆದೇ ತೆಗೆಯಬೇಕು. ಹಕ್ಕಿಗಳ ಶ್ವಾಸಕೋಶ ನಮ್ಮದರಂತೆ ಹಿಗ್ಗಿ ಕುಗ್ಗುವುದಿಲ್ಲ. ಅದರ ಹಿಂದೆ ಮುಂದೆ ತೆಳು ಚೀಲಗಳಿವೆ, ಅವು ತಿದಿಯಂತೆ ಗಾಳಿಯನ್ನು ಒತ್ತುತ್ತವೆ. ನಮ್ಮಲ್ಲಿ ಗಾಳಿ ಒಳಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಹಳೇ ಗಾಳಿ ಹೊಸದರ ಜೊತೆ ಬೆರೆಯುತ್ತದೆ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ, ಉಸಿರು ಒಳಗೆಳೆದಾಗಲೂ ಹೊರಬಿಟ್ಟಾಗಲೂ ತಾಜಾ ಗಾಳಿಯೇ ರಕ್ತಕ್ಕೆ ತಾಗುತ್ತದೆ. ಇದು ಗುಬ್ಬಿಯಿಂದ ಹಿಡಿದು ಎಲ್ಲ ಹಕ್ಕಿಗಳಿಗೂ ಇರುವ ಸೌಲಭ್ಯ. ಪಟ್ಟೆತಲೆ ಹೆಬ್ಬಾತಿಗೆ ಇದರ ಮೇಲೆ ಇನ್ನಷ್ಟಿದೆ: ಬೇರೆ ಬಾತುಗಳಿಗಿಂತ ದೊಡ್ಡ ಶ್ವಾಸಕೋಶ, ಹೃದಯದಲ್ಲೂ ಹಾರುವ ಸ್ನಾಯುಗಳಲ್ಲೂ ಹೆಚ್ಚು ನವಿರು ರಕ್ತನಾಳಗಳು.

ಇವೆಲ್ಲಕ್ಕಿಂತ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಅದರ ರಕ್ತ.

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಗೊತ್ತಲ್ಲ. ಗರ್ಭಿಣಿಯರಿಗೆ ಆಸ್ಪತ್ರೆಯಲ್ಲಿ "ನಿಮಗ ರಕ್ತ ಕಡಿಮಿ ಐತಿ" ಎಂದು ಹೇಳಿ ಕಬ್ಬಿಣದ ಗುಳಿಗೆ ಕೊಡುವುದು ಇದರ ಅಳತೆ ನೋಡಿಯೇ. ಶ್ವಾಸಕೋಶದಲ್ಲಿ ಆಮ್ಲಜನಕ ಹಿಡಿದುಕೊಂಡು ಮೈಯೆಲ್ಲ ಸುತ್ತಿ ಹಂಚುವ ಹಮಾಲಿ ಇದು. ಒಂದು ಹಿಮೋಗ್ಲೋಬಿನ್ ಕಣದಲ್ಲಿ ನಾಲ್ಕು ಸರಗಳು ಒಂದಕ್ಕೊಂದು ತೆಕ್ಕೆ ಹಾಕಿಕೊಂಡಿರುತ್ತವೆ. ಪ್ರತಿ ಸರವನ್ನೂ ಒಂದು ತಸ್ಬೀಹಿನಂತೆ ಊಹಿಸಿಕೊಳ್ಳಿರಿ: ಅಮೈನೋ ಆಮ್ಲ ಎಂಬ ಮಣಿಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಪೋಣಿಸಿದ್ದು. ಆಲ್ಫಾ ಎಂಬ ಸರದಲ್ಲಿ 141 ಮಣಿ. ಪಟ್ಟೆತಲೆ ಹೆಬ್ಬಾತಿಗೆ ತೀರ ಹತ್ತಿರದ ಒಂದು ಸೋದರ ಜಾತಿ ಬೂದು ಹೆಬ್ಬಾತು. ಅದು ಇಷ್ಟು ಎತ್ತರ ಹಾರುವುದಿಲ್ಲ. ಎರಡರ ಹಿಮೋಗ್ಲೋಬಿನ್ನನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಬೆರಳೆಣಿಕೆಯಷ್ಟು ಮಣಿಗಳು ಮಾತ್ರ ಬೇರೆ. ಅವುಗಳಲ್ಲಿ ಮುಖ್ಯವಾದದ್ದು ಆಲ್ಫಾ ಸರದ 119ನೇ ಮಣಿ. ಪ್ರೋಲಿನ್ ಇರಬೇಕಾದ ಜಾಗದಲ್ಲಿ ಅಲನಿನ್ ಎಂಬ ಇನ್ನೂ ಚಿಕ್ಕ ಮಣಿ ಕೂತಿದೆ.

ಇದರಿಂದ ಏನಾಯಿತು? ಆ 119ನೇ ಮಣಿ ಪಕ್ಕದ ಬೀಟಾ ಸರದ 55ನೇ ಮಣಿಗೆ ಒತ್ತಿಕೊಂಡಿರುತ್ತಿತ್ತು. ಚಿಕ್ಕ ಮಣಿ ಬಂದ ಮೇಲೆ ಆ ಒತ್ತು ತಪ್ಪಿತು. ನಾಲ್ಕು ಸರಗಳ ತೆಕ್ಕೆ ಒಂದು ಕಡೆ ಕೂದಲೆಳೆಯಷ್ಟು ಸಡಿಲಾಯಿತು. ಸಡಿಲಾದ ಕಣ ಆಮ್ಲಜನಕವನ್ನು ಬೇಗ, ಬಿಗಿಯಾಗಿ ಹಿಡಿಯುತ್ತದೆ. ಗಾಳಿಯಲ್ಲಿ ಆಮ್ಲಜನಕ ವಿರಳವಾಗಿದ್ದರೂ ಹಮಾಲಿ ಖಾಲಿ ಕೈಯಲ್ಲಿ ಹೊರಡುವುದಿಲ್ಲ.

ಹಿಮೋಗ್ಲೋಬಿನ್ನಿನ ರಚನೆ ಕಂಡುಹಿಡಿದು ನೊಬೆಲ್ ಪಡೆದಿದ್ದ ಮ್ಯಾಕ್ಸ್ ಪೆರುಟ್ಜ್ 1983ರಲ್ಲಿ ಈ ಕಾರಣವನ್ನು ಊಹಿಸಿ ಬರೆದರು. ಊಹೆ ಸರಿಯೇ? 1991ರಲ್ಲಿ ಬೇರೆ ವಿಜ್ಞಾನಿಗಳು ಮನುಷ್ಯರ ಹಿಮೋಗ್ಲೋಬಿನ್ನನ್ನೇ ತೆಗೆದುಕೊಂಡು ಪ್ರಯೋಗಾಲಯದಲ್ಲಿ ಆ ಒಂದು ಮಣಿ ಬದಲಿಸಿ ನೋಡಿದರು. ಅದೂ ಆಮ್ಲಜನಕವನ್ನು ಮೊದಲಿಗಿಂತ ಬಿಗಿಯಾಗಿ ಹಿಡಿಯಿತು! ಇನ್ನೊಂದು ಸಂಗತಿ ಕೇಳಿರಿ. ಭೂಮಿಯ ಆ ಕಡೆ, ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಮೇಲೆ ವಾಸಿಸುವ ಒಂದು ಹೆಬ್ಬಾತು ಇದೆ. ನಮ್ಮ ಮಾಗಡಿಯ ಅತಿಥಿಗೆ ಅದು ದೂರದ ನೆಂಟ ಮಾತ್ರ. ಅದರಲ್ಲಿ 119ನೇ ಮಣಿ ಹಾಗೇ ಇದೆ; ಬದಲಾಗಿರುವುದು ಎದುರಿಗಿರುವ ಬೀಟಾ ಸರದ 55ನೇ ಮಣಿ. ಬಾಗಿಲ ಚಿಲಕ ಒಬ್ಬರು ಈ ಕಡೆಯಿಂದ ಸಡಿಲಿಸಿದರು, ಇನ್ನೊಬ್ಬರು ಆ ಕಡೆಯಿಂದ. ಬಾಗಿಲು ಒಂದೇ.

ಕೆನಡಾದ ಒಂದು ವಿಶ್ವವಿದ್ಯಾಲಯದ ಪ್ರಯೋಗವನ್ನೂ ಹೇಳಿಬಿಡುತ್ತೇವೆ, ಮಕ್ಕಳಿಗೆ ಇಷ್ಟವಾಗುತ್ತದೆ. ಜೆಸ್ಸಿಕಾ ಮೀರ್ ಎಂಬ ವಿಜ್ಞಾನಿ ಹೆಬ್ಬಾತಿನ ಮರಿಗಳನ್ನು ಮೊಟ್ಟೆಯೊಡೆದ ಗಳಿಗೆಯಿಂದ ತಾವೇ ಸಾಕಿದರು. ಮೊದಲು ಕಂಡವರನ್ನೇ ತಾಯಿ ಎಂದು ಹಿಂಬಾಲಿಸುವುದು ಈ ಮರಿಗಳ ಸ್ವಭಾವ. ಬೆಳೆದ ಮೇಲೆ ಅವುಗಳ ಮುಖಕ್ಕೆ ಪುಟ್ಟ ಮುಸುಕು ಹಾಕಿ, ದೊಡ್ಡ ಪಂಖದ ಗಾಳಿ ಬೀಸುವ ಸುರಂಗದಲ್ಲಿ ಹಾರಿಸಿ, ಮುಸುಕಿನೊಳಗೆ ಆಮ್ಲಜನಕ ಕಡಿಮೆ ಮಾಡುತ್ತ ಹೋದರು. ಸುಮಾರು 9000 ಮೀಟರ್ ಎತ್ತರದಲ್ಲಿ ಇರುವಷ್ಟೇ ಆಮ್ಲಜನಕ ಕೊಟ್ಟಾಗಲೂ ಕೆಲವು ಹಕ್ಕಿಗಳು ಹಾರಿದವು. ಆಗ ಅವುಗಳ ದೇಹ ಕಡಿಮೆ ಖರ್ಚಿನಲ್ಲಿ ಕೆಲಸ ಮಾಡುತ್ತಿತ್ತು, ರಕ್ತ ತುಸು ತಣ್ಣಗಾಗಿತ್ತು. ತಣ್ಣಗಿನ ರಕ್ತ ಆಮ್ಲಜನಕವನ್ನು ಹೆಚ್ಚು ಹಿಡಿಯುತ್ತದೆ. ಈ ಅಧ್ಯಯನ ಪ್ರಕಟವಾದದ್ದು 2019ರಲ್ಲಿ. ಅದೇ ವರ್ಷ ಆಕೆ ಗಗನಯಾತ್ರಿಯಾಗಿ ಅಂತರಿಕ್ಷ ನಿಲ್ದಾಣಕ್ಕೆ ಹೋದರು.

ಇನ್ನು, ಒಂದು ಮಣಿ ಬದಲಾದದ್ದು ಇಡೀ ಜಾತಿಗೆ ಹೇಗೆ ಹರಡಿತು? ನಮ್ಮ ಭಾಗದ ಕುರಿಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂಡಿನಲ್ಲಿ ಹುಟ್ಟುವ ಮರಿಗಳೆಲ್ಲ ಒಂದೇ ತರಹ ಇರುವುದಿಲ್ಲ. ಒಂದು ಬಿಸಿಲು ತಡೆಯುತ್ತದೆ, ಒಂದಕ್ಕೆ ಉಣ್ಣೆ ಹೆಚ್ಚು, ಒಂದು ದೂರ ನಡೆಯಬಲ್ಲದು. ಕುರಿಗಾರ ತನಗೆ ಬೇಕಾದ ಗುಣದ ಟಗರನ್ನು ಬೀಜಕ್ಕೆ ಉಳಿಸಿಕೊಂಡು ಉಳಿದವನ್ನು ಸಂತೆಗೆ ಹೊಡೆಯುತ್ತಾನೆ. ಹತ್ತಿಪ್ಪತ್ತು ತಲೆಮಾರು ಕಳೆದರೆ ಹಿಂಡಿನ ಚಹರೆಯೇ ಬೇರೆ. ಹೆಬ್ಬಾತುಗಳ ವಿಷಯದಲ್ಲಿ ಆ ಕೆಲಸ ಮಾಡಿದ್ದು ಪರ್ವತ. ತೆಳು ಗಾಳಿಯಲ್ಲಿ ಸೋತ ಹಕ್ಕಿ ಹಿಂತಿರುಗಿ ಗೂಡು ಕಟ್ಟಲಿಲ್ಲ. ರಕ್ತದಲ್ಲಿ ತುಸು ಹೆಚ್ಚು ಹಿಡಿತವಿದ್ದ ಹಕ್ಕಿ ದಾಟಿತು, ಮೊಟ್ಟೆ ಇಟ್ಟಿತು, ಆ ಗುಣ ಮರಿಗಳಿಗೆ ಹೋಯಿತು. ಇದು ಎಣಿಸಲಾಗದಷ್ಟು ತಲೆಮಾರುಗಳ ಮಾತು. ಒಂದು ಹಕ್ಕಿ ತನ್ನ ಜೀವಮಾನದಲ್ಲಿ ಪ್ರಯತ್ನಪಟ್ಟು ರಕ್ತ ಬದಲಿಸಿಕೊಂಡಿತು ಎಂದು ತಿಳಿಯಬಾರದು. ಮಕ್ಕಳು ಈ ಜಾಗದಲ್ಲಿ ಬಹಳ ತಪ್ಪುತ್ತಾರೆ. ಕುರಿಯ ಉಣ್ಣೆ ಕತ್ತರಿಸಿದರೆ ಉಣ್ಣೆ ಇಲ್ಲದ ಮರಿ ಹುಟ್ಟುವುದಿಲ್ಲವಲ್ಲ, ಹಾಗೆ.

ಇದನ್ನೇ ಪಠ್ಯಪುಸ್ತಕದಲ್ಲಿ ಜೀವವಿಕಾಸ ಎನ್ನುತ್ತಾರೆ. ಈ ಪಾಠ ಓದಬಹುದೋ, ಓದಿದರೆ ಈಮಾನಿಗೆ ಧಕ್ಕೆಯೋ ಎಂದು ಹತ್ತನೇ ಇಯತ್ತೆಯ ಮಕ್ಕಳ ತಂದೆತಾಯಿ ನಮ್ಮನ್ನು ಕೇಳುವುದುಂಟು. ಓದಲಿ ಎಂದೇ ನಾವು ಹೇಳುತ್ತ ಬಂದಿದ್ದೇವೆ. ಮನುಷ್ಯನ ಸೃಷ್ಟಿಯ ಬಗ್ಗೆ ಉಲಮಾಗಳಲ್ಲಿ ನಡೆದಿರುವ ಚರ್ಚೆ ಬೇರೆಯದು, ಅದಕ್ಕೆ ಇನ್ನೊಂದು ಸಂಚಿಕೆ ಬೇಕು. ಆದರೆ ಹೆಬ್ಬಾತಿನ ರಕ್ತದಲ್ಲಿ ಮಣಿ ಬದಲಾಗಿರುವುದು ಅಳೆದು ನೋಡಿದ ಸಂಗತಿ. ಹೇಗೆ ನಡೆಯಿತು ಎಂದು ತಿಳಿದುಕೊಂಡ ಮಾತ್ರಕ್ಕೆ ನಡೆಸಿದವನು ಯಾರು ಎಂಬ ನಂಬಿಕೆ ಕಳೆದುಹೋಗುವುದಿಲ್ಲ. ಒಂಬತ್ತನೇ ಶತಮಾನದಲ್ಲಿ ಬಸ್ರಾದ ಅಲ್-ಜಾಹಿಝ್ ಪ್ರಾಣಿಗಳ ಬಗ್ಗೆ ಏಳು ಸಂಪುಟಗಳ 'ಕಿತಾಬುಲ್ ಹಯವಾನ್' ಬರೆದರು. ನಮ್ಮ ಕಾಲದಲ್ಲಿ ಮುಂಬಯಿಯ ಸಲೀಂ ಅಲಿ (1896–1987) ಜೀವಮಾನವಿಡೀ ಹಕ್ಕಿಗಳ ಹಿಂದೆ ನಡೆದು, ಭಾರತದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ದಾರಿ ಪತ್ತೆ ಮಾಡುವ ದೊಡ್ಡ ಕೆಲಸಕ್ಕೆ ಮುಂದಾಳಾದರು. ನಮ್ಮ ಹುಡುಗ ಹುಡುಗಿಯರು ಈ ವಿದ್ಯೆಗೆ ಹೊರಗಿನವರಲ್ಲ.

ಮೈಯಲ್ಲಿ ಉಳಿದ ಗುಣ ಯಾವಾಗಲೂ ಇವತ್ತಿನ ಅಗತ್ಯಕ್ಕೆ ಸರಿಯಾಗಿರುತ್ತದೆ ಎಂದೂ ಇಲ್ಲ. ನಮ್ಮ ಜಿಲ್ಲೆಯ ಎರೆ ಹೊಲಗಳಲ್ಲಿ ಓಡಾಡುವ ಚಿಗರಿಯನ್ನೇ ನೋಡಿರಿ. ಗಂಟೆಗೆ ಸುಮಾರು 80 ಕಿಲೋಮೀಟರ್ ಓಡುತ್ತದೆ. ಈಗ ಅದನ್ನು ಬೆನ್ನಟ್ಟುವುದು ತೋಳ, ನಾಯಿ. ಅವುಗಳಿಂದ ತಪ್ಪಿಸಿಕೊಳ್ಳಲು ಇಷ್ಟು ವೇಗ ಬೇಕಿಲ್ಲ. ಅಕ್ಬರ್ ಬಾದಶಹ ಚಿಗರಿ ಬೇಟೆಗೆ ಪಳಗಿಸಿ ಇಟ್ಟುಕೊಂಡಿದ್ದ ಚೀತಾಗಳು ಒಂದು ಕಾಲಕ್ಕೆ ಈ ದೇಶದ ಬಯಲುಗಳಲ್ಲೆಲ್ಲ ಇದ್ದವು. 1952ರಲ್ಲಿ ಅವು ಭಾರತದಲ್ಲಿ ಅಳಿದವು ಎಂದು ಸರ್ಕಾರವೇ ಹೇಳಿತು. ಬೆನ್ನಟ್ಟುವವನು ಹೋದ, ಓಟ ಉಳಿಯಿತು ಎಂಬುದು ತಜ್ಞರ ಅಂದಾಜು.

ಹೆಬ್ಬಾತಿನ ಕಥೆಯಲ್ಲೂ ಇಂಥದೊಂದು ಎಡೆ ಇದೆ, ಮತ್ತು ಅದು ನಮಗೆ ಸಂಬಂಧಿಸಿದ್ದು. ತೆಳು ಗಾಳಿಯನ್ನು ಗೆದ್ದ ಈ ಮೈ ಹಕ್ಕಿಜ್ವರದ ಮುಂದೆ ನಿಲ್ಲಲಿಲ್ಲ. 2005ರಲ್ಲಿ ಚೀನಾದ ಚಿಂಗ್ಹಾಯ್ ಸರೋವರದಲ್ಲಿ, 2020ರ ಕೊನೆಗೆ ಮತ್ತು 2021ರ ಆರಂಭದಲ್ಲಿ ಹಿಮಾಚಲದ ಪೊಂಗ್ ಅಣೆಕಟ್ಟಿನ ಹಿನ್ನೀರಿನಲ್ಲಿ ಸಾವಿರಾರು ಹಕ್ಕಿಗಳು ಸತ್ತವು. ಪೊಂಗ್‌ನಲ್ಲಿ ಸತ್ತವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳೇ. ಪರ್ವತಕ್ಕೆ ಹೊಂದಿಕೊಳ್ಳಲು ಅವಕ್ಕೆ ಯುಗಗಳು ಸಿಕ್ಕವು. ಕೋಳಿ ಸಾಕಣೆಯ ಶೆಡ್ಡುಗಳಲ್ಲಿ ಬಲಿತು ಹೊರಬಿದ್ದ ರೋಗಕ್ಕೆ ಹೊಂದಿಕೊಳ್ಳಲು ಸಿಕ್ಕಿದ್ದು ಕೆಲವು ವರ್ಷ. ಆದ್ದರಿಂದ ಕೆರೆ ದಂಡೆಯಲ್ಲಿ ಸತ್ತ ಅಥವಾ ತೂಕಡಿಸುವ ಹಕ್ಕಿ ಕಂಡರೆ ಮಕ್ಕಳು ಮುಟ್ಟದಂತೆ ನೋಡಿಕೊಂಡು ಪಶು ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಿರಿ. ಮನೆಯ ಕೋಳಿಗಳನ್ನು ಕೆರೆಯ ಕಡೆ ಬಿಡಬೇಡಿರಿ.

"ಹಜರತ್, ಇದು ಹಲಾಲಾ?" ಎಂದು ಕೇಳುವವರು ಇದ್ದೇ ಇರುತ್ತಾರೆ! ಬಾತು ತಿನ್ನಬಹುದಾದ ಹಕ್ಕಿಯೇ. ಆದರೆ ಮಾಗಡಿಯ ಹಕ್ಕಿಯನ್ನು ಬೇಟೆಯಾಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಜೈಲಿನ ದಾರಿ. ಅದರ ಮೇಲೆ ಈಗ ಹೇಳಿದ ರೋಗದ ಭಯ. ಕವಣೆ, ಬಲೆ ಹಿಡಿದು ಹೋಗುವ ಹುಡುಗರಿಗೆ ಮನೆಯ ಹಿರಿಯರು ಇಷ್ಟನ್ನು ಸ್ಪಷ್ಟವಾಗಿ ಹೇಳಬೇಕು.

ರೈತರ ದೂರು ಇನ್ನೊಂದಿದೆ, ಅದು ಸುಳ್ಳಲ್ಲ. ಹಗಲು ನೀರಿನಲ್ಲಿ ವಿಶ್ರಾಂತಿ ಪಡೆಯುವ ಹೆಬ್ಬಾತುಗಳು ಸಂಜೆಗೆ ಎದ್ದು ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಕಡಲೆಯ ಎಳೆ ಕುಡಿ, ನೆಲದಲ್ಲಿ ಉಳಿದ ಶೇಂಗಾ, ಉದುರಿದ ಕಾಳು ಇವುಗಳ ಆಹಾರ. ನೂರಾರು ಹಕ್ಕಿ ಒಂದೇ ಹೊಲಕ್ಕೆ ಬಿದ್ದರೆ ಎರಡು ಎಕರೆ ಇರುವವನ ಗತಿ ಏನು? ಪಟ್ಟಿಗೆ ಸೇರಿದ ಹೆಮ್ಮೆಯನ್ನು ಇಡೀ ಜಿಲ್ಲೆ ಹಂಚಿಕೊಳ್ಳುತ್ತದೆ, ನಷ್ಟ ಮಾತ್ರ ಕೆರೆ ಮಗ್ಗುಲಿನ ಹತ್ತಾರು ಮನೆಗಳದು. ಇದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಬೆಳೆ ನಷ್ಟವಾದವರು ಸಿಟ್ಟಿನಲ್ಲಿ ವಿಷದ ಕಾಳು ಚೆಲ್ಲುವ ಬದಲು, ಹಾನಿಯ ಫೋಟೋ ತೆಗೆದಿಟ್ಟುಕೊಂಡು, ಅಕ್ಕಪಕ್ಕದ ಹೊಲದವರೆಲ್ಲ ಸೇರಿ, ಜಾತಿ ಮತ ನೋಡದೆ ಗ್ರಾಮ ಪಂಚಾಯಿತಿ ಮತ್ತು ಅರಣ್ಯ ಇಲಾಖೆಗೆ ಲಿಖಿತವಾಗಿ ಕೊಡಬೇಕು. ಅರ್ಜಿ ಬರೆಯಲು ಬಾರದವರು ಜುಮಾ ನಂತರ ಮಸೀದಿಗೆ ಬರಲಿ, ಬರೆದುಕೊಡುತ್ತೇವೆ. ವಿಷ ಚೆಲ್ಲಿದರೆ ಸಾಯುವುದು ಹೆಬ್ಬಾತು ಒಂದೇ ಅಲ್ಲ, ಅದೇ ಬದುವಿನಲ್ಲಿ ಮೇಯುವ ನಿಮ್ಮ ಮೇಕೆಯೂ ಸೇರಿ.

ಮಳೆ ಕೈಕೊಟ್ಟು ಕೆರೆ ಬತ್ತಿದ ವರ್ಷ ಇವು ಇಲ್ಲಿ ನಿಲ್ಲುವುದಿಲ್ಲ. ನೀರಿದ್ದ ವರ್ಷ ನೋಡಲು ಹೋಗುವವರು ಬೆಳಿಗ್ಗೆ ಫಜ್ರ್ ಮುಗಿಸಿ ಹೊರಟರೆ, ಹೊಲಗಳಿಂದ ಕೆರೆಗೆ ಮರಳುವ ದಂಡುಗಳು ಸಿಗುತ್ತವೆ. ಇಂಗ್ಲಿಷಿನ ವಿ ಅಕ್ಷರದಂತೆ ಸಾಲು ಕಟ್ಟಿ, ಮೂಗಿನಲ್ಲಿ ಕೂಗಿದಂಥ ದನಿ ಮಾಡುತ್ತ ಬರುತ್ತವೆ. ಹೋದ ಬೇಸಿಗೆಯಲ್ಲಿ ಹುಟ್ಟಿದ ಮರಿಗಳೂ ತಂದೆತಾಯಿಯ ಜೊತೆಗೇ ಇರುತ್ತವೆ. ಎಳೆಯವುಗಳ ತಲೆಯಲ್ಲಿ ಆ ಎರಡು ಗೀರು ಇನ್ನೂ ಸರಿಯಾಗಿ ಮೂಡಿರುವುದಿಲ್ಲ, ಅದರಿಂದ ಗುರುತು ಹಿಡಿಯಬಹುದು. ದಂಡೆಯಿಂದ ದೂರ ನಿಲ್ಲಿರಿ, ಗಾಡಿಯ ಹಾರ್ನ್ ಬೇಡ, ಮೊಬೈಲಿನಲ್ಲಿ ಹಾಡು ಬೇಡ. ಮಾರ್ಚ್ ಹೊತ್ತಿಗೆ ಅವು ಉತ್ತರಕ್ಕೆ ಹೊರಟುಬಿಟ್ಟಿರುತ್ತವೆ.